ನಿನ್ನ ಮ್ಯಾಲ ಸಂಶೆ ಅಲ್ಲ, ಆದ್ರ...

ನನ್ನ ಮೇಜಿನ ಮುಂದೆ ಕುಳಿತು ಯಾರೂ ‘ಸಂಶಯ’ ಅನ್ನುವ ಮಾತನ್ನು ಆಡುವುದಿಲ್ಲ. ಆಡಿದರೆ ಅವತ್ತಿನ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಆದರೆ ಅಲ್ಲಿಗೆ ಬರುವವರೆಲ್ಲ ಬರುವುದು ಅದೇ ಕಾರಣಕ್ಕೆ.

ನಾನು ಹಾವೇರಿಯಲ್ಲಿ ಪತ್ರ ಬರೆಯುವವಳು. ಸರಕಾರಿ ಭಾಷೆಯಲ್ಲಿ ಪತ್ರ ಬರಹಗಾರರು, ಜನರ ಬಾಯಲ್ಲಿ ಬಾಂಡ್ ರೈಟರ್. ಅಪ್ಪ ಮಾಡುತ್ತಿದ್ದ ಕೆಲಸ, ನನಗೆ ಬಂತು. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಹಾವೇರಿ, ಗದಗ ಬೇರೆಯಾದಾಗ ಅಪ್ಪನ ಟೈಪ್ ಮಷೀನಿಗೆ ಪುರುಸೊತ್ತೇ ಇರಲಿಲ್ಲವಂತೆ. ಖರೀದಿ ಪತ್ರ, ಸಂಚಕಾರ ಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ಹಕ್ಕು ಬಿಟ್ಟ ಪತ್ರ, ಬಾಡಿಗೆ ಕರಾರು, ಮೃತ್ಯುಪತ್ರ, ಇವೇ ನಮ್ಮ ದಿನಸಿ. ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ನಂಬುವ ಹಾಗಿದ್ದರೆ ನಮ್ಮ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ.

ಹಾಗಾಗಿ ಈ ಒಂದು ಮಾತನ್ನು ಜನ ಎಲ್ಲಿ ಆಡುತ್ತಾರೆ, ಎಲ್ಲಿ ನುಂಗುತ್ತಾರೆ ಅಂತ ಗಮನಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ನಮ್ಮ ಕಡೆ ಬಾಯಿಮಾತಿನಲ್ಲಿ ಅದು ‘ಸಂಶೆ’. ಅದರಲ್ಲಿ ಎರಡು ಥರ ಇದೆ. ಒಂದು, ‘ಅದರಾಗ’ ಬರುವ ಸಂಶೆ. ‘ಮಳಿ ಬರ್ತೈತೋ ಇಲ್ಲೋ, ಅದರಾಗ ಸಂಶೆ ಐತಿ’ ಅಂದರೆ ಯಾರಿಗೂ ನೋವಿಲ್ಲ. ‘ಅದರಾಗೇನ ಸಂಶೆ?’ ಅಂತ ಕೇಳಿದರಂತೂ ಅದು ಪ್ರಶ್ನೆಯೇ ಅಲ್ಲ, ಖಂಡಿತ ಹೌದು ಅನ್ನುವುದಕ್ಕೆ ಇನ್ನೊಂದು ಹೆಸರು. ಎರಡನೆಯದು, ‘ಮ್ಯಾಲ’ ಬರುವ ಸಂಶೆ. ‘ನಿನ್ನ ಮ್ಯಾಲ ಸಂಶೆ.’ ಶಬ್ದ ಅದೇ. ಆದರೆ ಇದು ಬಂತೆಂದರೆ ಕುರ್ಚಿ ಹಿಂದೆ ಸರಿಯುತ್ತದೆ, ಚಪ್ಪಲಿ ಹುಡುಕುತ್ತಾರೆ.

ಒಂದು ಸಂಚಕಾರದ ಕಥೆ ಹೇಳುತ್ತೇನೆ. ಹೊಲ ಮಾರುವವರು ದೊಡ್ಡಪ್ಪ, ಕೊಳ್ಳುವವನು ತಮ್ಮನ ಮಗ. ಹುಡುಗ ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಾನೆ. 1 ಎಕರೆ 20 ಗುಂಟೆ, ಅವರ ಮನೆತನದ್ದೇ ಹೊಲ. ರೇಟು ಮನೆಯಲ್ಲೇ ಮಾತಾಗಿತ್ತು. ದೊಡ್ಡಪ್ಪ ಬಿಳಿ ಟೊಪ್ಪಿಗೆ ಹಾಕಿಕೊಂಡು, ಮದುವೆಗೆ ಬಂದ ಹಾಗೆ ಬಂದಿದ್ದರು. ಸಂಚಕಾರ ಅಂದರೆ ಮುಂಗಡ ಕೊಟ್ಟು ವ್ಯವಹಾರ ಗಟ್ಟಿ ಮಾಡುವ ಕಾಗದ. ನಾನು ಉತಾರ ಕೇಳಿದೆ. ಬೆಂಗಳೂರು ಕಡೆಯವರು ಪಹಣಿ ಅನ್ನುತ್ತಾರಲ್ಲ, ಅದೇ ನಮ್ಮ ಉತಾರ.

ಉತಾರ ಕೈಗೆ ಬಂದರೆ ನಾವು ಹೆಸರಿನ ಕಾಲಂ ಆಮೇಲೆ ನೋಡುತ್ತೇವೆ. ಮೊದಲು ಕಣ್ಣು ಹೋಗುವುದು 11ನೇ ಕಾಲಂಗೆ. ಇತರೆ ಹಕ್ಕುಗಳು ಮತ್ತು ಋಣಗಳು ಅಂತ ಇರುತ್ತದೆ. ಸಾಲ ಇದ್ದರೆ ಅಲ್ಲಿ ಕಾಣುತ್ತದೆ, ನಾವು ಅದಕ್ಕೆ ಬೋಜಾ ಅನ್ನುತ್ತೇವೆ. ದೊಡ್ಡಪ್ಪನ ಉತಾರದಲ್ಲಿ ಬೆಳೆ ಸಾಲದ ಬೋಜಾ ಇತ್ತು. ಸಾಲ ಯಾವಾಗಲೋ ತೀರಿಸಿದ್ದೇನೆ ಅಂದರು. ತೀರಿಸಿರಲೂಬಹುದು. ಎಷ್ಟೋ ಜನ ದುಡ್ಡು ಕಟ್ಟಿ ಮನೆಗೆ ಹೋಗುತ್ತಾರೆ. ಬ್ಯಾಂಕಿನಿಂದ ಸಾಲ ಬಾಕಿ ಇಲ್ಲ ಅನ್ನುವ ಬೇಬಾಕಿ ಪತ್ರ ತಂದು ಬೋಜಾ ತೆಗೆಸುವುದನ್ನೇ ಮರೆಯುತ್ತಾರೆ.

ಹುಡುಗ ಉತಾರ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಬಹಳ ಮೆತ್ತಗೆ ಅಂದ, ‘ದೊಡ್ಡಪ್ಪಾ, ನಿನ್ನ ಮ್ಯಾಲ ಏನ್ ಸಂಶೆ ಅಲ್ಲ. ಆದ್ರ ಬೇಬಾಕಿ ಒಂದ ತಂದ ಬಿಟ್ರ...’

ಮುಗಿಯಿತು. ದೊಡ್ಡಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ‘ಸಂಶೆ ಅಲ್ಲ ಅಂದ್ಯಲ್ಲಪಾ. ಇಲ್ಲದ್ದರ ಹೆಸರು ಬಾಯಾಗ ಯಾಕ ಬಂತು?’

ಇದಕ್ಕೆ ಉತ್ತರ ಎಲ್ಲಿದೆ ಹೇಳಿ? ಅಲ್ಲ ಅಂದರೂ ಅದು ಬಂದು ಮೇಜಿನ ಮೇಲೆ ಕೂತಾಗಿತ್ತು. ಹುಡುಗ ಕೆಂಪಗಾದ. ನಾನು ಅಪ್ಪ ಕಲಿಸಿದ ವಿದ್ಯೆ ತೆಗೆದೆ. ‘ಅದು ಅವರಿಗಲ್ರೀ ಯಜಮಾನರ. ನಾಳೆ ಇವರು ಈ ಹೊಲದ ಮ್ಯಾಲ ಸಾಲ ತಗೋಬೇಕಂದ್ರ ಬ್ಯಾಂಕಿನವರು ಕೇಳ್ತಾರ. ಬೋಜಾ ಇದ್ರ ಅವರು ಕಾಗದ ಮುಟ್ಟಂಗಿಲ್ಲ.’

‘ಬ್ಯಾಂಕಿನವರಾ?’ ಅಂದರು ದೊಡ್ಡಪ್ಪ. ‘ಅವರದ ಬಿಡ್ರಿ ಅಕ್ಕಾರ, ಅವರು ಹಡೆದ ತಾಯಿನ್ನೂ ನಂಬಂಗಿಲ್ಲ.’ ಕನ್ನಡಕ ಜೇಬಿನಿಂದ ಹೊರಗೆ ಬಂತು. ಅದೇ ವಾರ ಬೇಬಾಕಿನೂ ಬಂತು. ಆ ಹುಡುಗನಿಗೆ ಸಾಲ ತೆಗೆಯುವ ವಿಚಾರವೇ ಇರಲಿಲ್ಲ. ನನಗೆ ಗೊತ್ತಿತ್ತು. ದೊಡ್ಡಪ್ಪನಿಗೂ ಗೊತ್ತಿತ್ತು ಅಂತ ನನ್ನ ಅನಿಸಿಕೆ.

ನಮ್ಮ ಕಡೆ ಸಂಶಯವನ್ನು ಯಾರೂ ತಮ್ಮ ಹೆಗಲ ಮೇಲೆ ಹೊರುವುದಿಲ್ಲ, ಅಲ್ಲಿ ಇಲ್ಲದವರ ಹೆಗಲಿಗೆ ದಾಟಿಸುತ್ತಾರೆ. ಅಪ್ಪನ ಕಾಲಕ್ಕೆ ‘ಸಾಹೇಬ್ರು ಒಪ್ಪಂಗಿಲ್ಲ’ ಅನ್ನುತ್ತಿದ್ದರು. 2023ರಲ್ಲಿ ನೋಂದಣಿಗೆ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ನನಗೆ ಇನ್ನೂ ಒಳ್ಳೆಯ ಹೆಗಲು ಸಿಕ್ಕಿದೆ. ‘ಕಂಪ್ಯೂಟರ್ ತಗೋಳಂಗಿಲ್ಲರೀ.’ ಕಂಪ್ಯೂಟರಿನ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಅದಕ್ಕೆ ನೆಂಟರಿಲ್ಲ, ಊರಿಲ್ಲ, ನಾಳೆ ಜಾತ್ರೆಯಲ್ಲಿ ಎದುರಿಗೆ ಸಿಗುವುದೂ ಇಲ್ಲ.

ಹೆಗಲು ಸಿಗದಿದ್ದರೆ ಇನ್ನೊಂದು ಮಾತಿದೆ: ‘ನಾಳಿಗೆ ಮಾತ ಬರಬಾರ್ದು.’ ನನ್ನ ಪ್ರಕಾರ ಇದು ನಮ್ಮ ಸೀಮೆಯ ಬಹಳ ಜಾಣ ವಾಕ್ಯ. ಮಾತು ಯಾರಿಂದ ಬರುತ್ತದೆ ಅಂತ ಹೇಳುವುದಿಲ್ಲ. ನಿನ್ನಿಂದಲೂ ಬರಬಹುದು, ನನ್ನಿಂದಲೂ ಬರಬಹುದು, ಇನ್ನೂ ಹುಟ್ಟದ ಮೊಮ್ಮಗನಿಂದಲೂ ಬರಬಹುದು. ತಾನಾಗೇ ನಡೆದು ಬರುವ ಹಾಗೆ ಇದೆ ಆ ಮಾತು. ಮದುವೆ ವಿಷಯಕ್ಕೆ ಬಂದರೆ ‘ಚೌಕಾಶಿ’. ಮೈಸೂರು ಕಡೆಯವರಿಗೆ ಚೌಕಾಶಿ ಅಂದರೆ ಬೆಲೆ ಇಳಿಸುವುದು. ನಮ್ಮಲ್ಲಿ ವಿಚಾರಿಸಿ ನೋಡುವುದು. ಹುಡುಗ ಕುಡಿಯುತ್ತಾನಾ, ಹೊಲದ ಮೇಲೆ ಎಷ್ಟು ಸಾಲ, ಅವ್ವನ ಬಾಯಿ ಹೆಂಗೆ, ಎಲ್ಲಾ ಚೌಕಾಶಿ. ಅದನ್ನು ಸಂಶಯ ಅಂತ ಕರೆದು ನೋಡಿ, ಆ ಬೀಗತನ ಅಲ್ಲಿಗೇ ಮುರಿಯುತ್ತದೆ.

ಪತ್ರದ ಭಾಷೆಗೆ ಮಾತ್ರ ಈ ನಾಚಿಕೆ ಇಲ್ಲ. ‘ಸದರಿ ಜಮೀನಿನ ಮೇಲೆ ಯಾವುದೇ ಸಾಲ, ಬೋಜಾ, ಜಪ್ತಿ, ಅನ್ನವಸ್ತ್ರದ ಹಕ್ಕು, ಕೋರ್ಟು ದಾವೆ ಇರುವುದಿಲ್ಲ. ಹಾಗೇನಾದರೂ ಕಂಡುಬಂದಲ್ಲಿ ನಾನು ಸ್ವಂತ ಖರ್ಚಿನಿಂದ ನಿವಾರಿಸಿ ಕೊಡತಕ್ಕದ್ದು.’ ಇದನ್ನು ಗಟ್ಟಿಯಾಗಿ ಓದುವಾಗ ಯಾರಿಗೂ ಬೇಜಾರಾಗುವುದಿಲ್ಲ. ಅಣ್ಣ ತಮ್ಮನಿಗೆ ಮಾರುತ್ತಿದ್ದರೂ ಇದೇ ವಾಕ್ಯ. ‘ಇದರಾಗಿನ ಒಂದೊಂದ ಶಬ್ದದ ಹಿಂದ ಯಾರೋ ಒಬ್ಬಾಂವ ಮೋಸ ಹೋದಾನ’ ಅಂತ ಅಪ್ಪ ಹೇಳುತ್ತಿದ್ದರು. ಅನ್ನವಸ್ತ್ರ, ಅಂದರೆ ಜೀವನಾಂಶ, ಅನ್ನುವಲ್ಲಿ ನನಗೆ ಯಾವಾಗಲೂ ಒಬ್ಬ ಹೆಂಗಸು ಕಾಣುತ್ತಾಳೆ. ಗಂಡ ಬಿಟ್ಟವಳು, ಹೊಲ ಮಾರಿದ ಮೇಲೆ ಕೋರ್ಟಿಗೆ ಬಂದವಳು. ಆಕೆ ಬಂದಿದ್ದರಿಂದಲೇ ಆ ಶಬ್ದ ಪತ್ರದೊಳಗೆ ಬಂತು, ಅಲ್ವಾ?

ಕಾನೂನೂ ಹಾಗೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆ 100 ರೂಪಾಯಿ ಮತ್ತು ಅದಕ್ಕೂ ಮೇಲಿನ ಸ್ಥಿರಾಸ್ತಿಯನ್ನು ನೋಂದಣಿ ಪತ್ರ ಇಲ್ಲದೆ ಮಾರಬೇಡಿ ಅನ್ನುತ್ತದೆ. ಆ 100 ರೂಪಾಯಿ ಇವತ್ತಿಗೂ ಅಲ್ಲೇ ನಿಂತಿದೆ. ಈಗ ಒಂದು ಗೇಣು ಜಾಗವೂ ಆ ದುಡ್ಡಿಗೆ ಬರುವುದಿಲ್ಲ.

ಕಾಗದದ ಮೇಲೇ ಸಂಶಯ ಬಂದ ಕಾಲವೂ ಒಂದಿತ್ತು. ಖಾನಾಪುರದ ಅಬ್ದುಲ್ ಕರೀಂ ತೆಲಗಿ 2001ರಲ್ಲಿ ಸಿಕ್ಕಿಬಿದ್ದ ಮೇಲೆ, ಅವನ ಖೊಟ್ಟಿ ಛಾಪಾಕಾಗದದ ಸುದ್ದಿ ದಿನಾ ಪೇಪರಿನಲ್ಲಿ. ಜನ ಮನೆಯ ಟ್ರಂಕಿನಿಂದ ಹಳೇ ಖರೀದಿ ಪತ್ರ ತೆಗೆದುಕೊಂಡು ಅಪ್ಪನ ಹತ್ತಿರ ಬರುತ್ತಿದ್ದರು. ಬಿಸಿಲಿಗೆ ಹಿಡಿದು, ‘ಇದು ಖರೇದೋ ಖೊಟ್ಟಿನೋ ನೋಡ್ರಿ’ ಅನ್ನುತ್ತಿದ್ದರು. ಆಗ ಯಾರೂ ಮಾತು ಮೆತ್ತಗೆ ಮಾಡಲಿಲ್ಲ. ಕಾಗದಕ್ಕೆ ಏನಂದರೂ ಕಾಗದ ಎದ್ದು ಹೋಗುವುದಿಲ್ಲವಲ್ಲ. ಈಗ ಈ-ಸ್ಟಾಂಪು. ಕ್ಯೂಆರ್ ಕೋಡು, ಪ್ರಮಾಣಪತ್ರದ ನಂಬರು ಇರುತ್ತದೆ. ಮೊಬೈಲಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬಹುದು. ಖಾತ್ರಿ, ಇದೊಂದು ಒಳ್ಳೆಯ ಮಾತು. ಕೆಲಸ ಅದೇ, ಹೆಸರು ಮರ್ಯಾದಸ್ಥರದ್ದು.

ಉಳಿದ ಶಬ್ದಗಳೂ ಇವೆ. ಅನುಮಾನ, ಗುಮಾನಿ, ಶಂಕೆ, ಅವಿಶ್ವಾಸ. ನಿಘಂಟಿನಲ್ಲಿ ಎಲ್ಲವೂ ಹತ್ತಿರ ಹತ್ತಿರ ಕೂತಿರುತ್ತವೆ. ಮಾತಿನಲ್ಲಿ ಒಂದರ ಮನೆಗೆ ಇನ್ನೊಂದು ಹೋಗುವುದಿಲ್ಲ.

ಅನುಮಾನದ್ದು ನಗುವಿನ ಕಥೆ. ಉತ್ತರ ಭಾರತದಿಂದ ಬಂದ ಒಬ್ಬ ಬ್ಯಾಂಕ್ ಅಧಿಕಾರಿ ಕನ್ನಡ ಕಲಿಯುತ್ತಿದ್ದರು. ಬಹಳ ಉಮೇದಿ ಇದ್ದ ಮನುಷ್ಯ. ಗೊತ್ತಿಲ್ಲದ ಕಡೆ ಹಿಂದಿ ಶಬ್ದ ಹಾಕುತ್ತಿದ್ದರು, ಹತ್ತರಲ್ಲಿ ಎಂಟು ಸಲ ನಡೆದೂ ಹೋಗುತ್ತಿತ್ತು. ಒಬ್ಬ ರೈತರನ್ನು ಕೇಳಿದರು, ‘ಈ ಸಲ ಗೋವಿನಜೋಳ ಎಷ್ಟು ಬರುತ್ತದೆ, ನಿಮ್ಮ ಅನುಮಾನ ಹೇಳಿ.’ ರೈತರ ಮುಖ ಗಂಟಾಯಿತು. ‘ನಂದ್ಯಾಕ ಅನುಮಾನ ಬಂತ್ರೀ ಸಾಹೇಬ್ರ? ಹ್ವಾದ ವರ್ಷದ ಸಾಲ ಪೂರಾ ಮುಟ್ಟಿಸೀನಲ್ಲ?’ ಹಿಂದಿ, ಮರಾಠಿಯಲ್ಲಿ ಅನುಮಾನ ಅಂದರೆ ಅಂದಾಜು. ಹಳೆಯ ತರ್ಕಶಾಸ್ತ್ರದಲ್ಲಿ ಅದಕ್ಕೆ ಇನ್ನೂ ದೊಡ್ಡ ಪದವಿ. ಗುಡ್ಡದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಅಂತ ತಿಳಿಯುವುದು ಅನುಮಾನ. ಪ್ರತ್ಯಕ್ಷ, ಉಪಮಾನ, ಶಬ್ದದ ಜೊತೆ ಅದೂ ಒಂದು ಪ್ರಮಾಣ. ನಮ್ಮಲ್ಲಿ ಹೊಗೆ ಕಂಡರೆ ಬೆಂಕಿ ಹಚ್ಚಿದವರು ಯಾರು ಅಂತಲೇ ಕೇಳುವುದು.

ಗುಮಾನಿಯದೂ ಅದೇ ಹಣೆಬರಹ. ಪರ್ಶಿಯನ್ ಕಡೆಯಿಂದ ಬಂದ ಮಾತು. ಉರ್ದುವಿನಲ್ಲಿ ಗುಮಾನ್ ಅಂದರೆ ಊಹೆ, ಅನಿಸಿಕೆ, ಕೆಲವು ಸಲ ಸೊಕ್ಕು. ಕನ್ನಡಕ್ಕೆ ಬಂದು ಪೊಲೀಸ್ ಸ್ಟೇಷನ್ ಸೇರಿಕೊಂಡಿತು. ‘ಗುಮಾನಿ ಮೇಲೆ ಕರೆದೊಯ್ದರು’ ಅಂತ ಪೇಪರಿನಲ್ಲಿ ಬರುತ್ತದೆ, ಮನೆಯಲ್ಲಿ ಯಾರೂ ಬಳಸುವುದಿಲ್ಲ. ಸಂಸ್ಕೃತದಿಂದ ಬಂದ ಊಹೆಯೂ ಅನುಮಾನ ಆಯಿತು, ಪರ್ಶಿಯನ್‌ನಿಂದ ಬಂದ ಊಹೆಯೂ ಗುಮಾನಿ ಆಯಿತು. ಸುಮ್ನೆ ಊಹೆ ಮಾಡಿ ಬಿಡುವ ಜಾಯಮಾನ ನಮ್ಮವರದಲ್ಲವೇನೋ.

ಅವಿಶ್ವಾಸ ಅನ್ನುವುದನ್ನು ನಾನು ಗ್ರಾಮ ಪಂಚಾಯತಿ ಬಿಟ್ಟು ಬೇರೆಲ್ಲೂ ಕೇಳಿಲ್ಲ. ಅದು ಭಾವನೆ ಅಲ್ಲ, ಸಾಮಾನು. ಅದನ್ನು ‘ತರುತ್ತಾರೆ’, ‘ಮಂಡಿಸುತ್ತಾರೆ’, ‘ಬಿದ್ದು ಹೋಯಿತು’ ಅನ್ನುತ್ತಾರೆ. ಅಧ್ಯಕ್ಷರ ಮೇಲೆ ಅವಿಶ್ವಾಸ ಠರಾವು ತರುವವರು ಮೊದಲು ಮಾಡುವ ಕೆಲಸ ಏನು ಗೊತ್ತಾ? ತಮ್ಮ ಕಡೆಯ ಸದಸ್ಯರನ್ನು ಟೆಂಪೋ ಹತ್ತಿಸಿ ಗೋಕರ್ಣಕ್ಕೋ ದಾಂಡೇಲಿಗೋ ಕರೆದುಕೊಂಡು ಹೋಗಿ ಮೊಬೈಲು ತೆಗೆದಿಟ್ಟುಕೊಳ್ಳುವುದು. ಅಧ್ಯಕ್ಷರ ಮೇಲೆ ಕಾಗದದಲ್ಲಿ ಅವಿಶ್ವಾಸ, ಜೊತೆಯವರ ಮೇಲೆ ಖರೇ ಅವಿಶ್ವಾಸ.

ಶಂಕೆಯ ಬಗ್ಗೆ ನನಗೆ ಒಂದು ಸಿಟ್ಟಿದೆ. ‘ಶೀಲ ಶಂಕಿಸಿ ಪತ್ನಿಯ ಕೊಲೆ.’ ಎಷ್ಟು ಸಲ ಓದಿಲ್ಲ ನಾವು ಈ ಶೀರ್ಷಿಕೆ? ಎರಡೇ ಶಬ್ದದಲ್ಲಿ ಕೊಂದವನ ಕಾರಣ ಮೊದಲು ಬರುತ್ತದೆ, ಸತ್ತವಳು ಆಮೇಲೆ ಬರುತ್ತಾಳೆ. ಓದುವವನ ತಲೆಯಲ್ಲಿ ‘ಏನೋ ಇತ್ತೇನೋ’ ಅನ್ನುವ ಹುಳ ಬಿಟ್ಟು ಸುದ್ದಿ ಮುಗಿಯುತ್ತದೆ. ಕೊಲೆ ಮಾಡಿದ ಅಂತ ಬರೆದರೆ ಸಾಲದಾ? ‘ಆಂವ ಸಂಶೆ ಮನಷ್ಯಾ’ ಅಂತ ನಮ್ಮ ಕಡೆ ಹೆಂಗಸರು ದನಿ ಇಳಿಸಿ ಹೇಳುತ್ತಾರೆ. ಆ ಮಾತಿಗೆ ಒಂದೇ ಅರ್ಥ. ಅಂಥ ಮನೆಯಲ್ಲಿ ಫೋನು ಬಂದರೆ ಸ್ಪೀಕರಿಗೆ ಹಾಕಿ ಮಾತಾಡಬೇಕು, ಸಂತೆಯಿಂದ ಹತ್ತು ನಿಮಿಷ ತಡವಾದರೆ ಲೆಕ್ಕ ಕೊಡಬೇಕು. ನನ್ನ ಮೇಜಿನ ಮುಂದೆ ಈ ಶಬ್ದ ಬಾಯಿಗೆ ಬರದಿರುವುದಕ್ಕೆ ಇದೂ ಒಂದು ಕಾರಣ. ಹೊಲಮನೆ ವ್ಯವಹಾರದಲ್ಲೂ ಅದರಿಂದ ಆ ವಾಸನೆ ಹೋಗುವುದಿಲ್ಲ.

ಇನ್ನು ವಿಶ್ವಾಸ. ಇದನ್ನು ನಂಬಿಕೆ ಅಂತ ತಿಳಿದುಕೊಂಡರೆ ನಮ್ಮ ಊರಿನಲ್ಲಿ ಮೋಸ ಹೋಗುತ್ತೀರಿ. ‘ಅವರಿಗೆ ನಮ್ಮ ಮ್ಯಾಲ ಭಾಳ ವಿಶ್ವಾಸ’ ಅಂದರೆ ಅಕ್ಕರೆ. ಊಟಕ್ಕೆ ಕರೆಯುತ್ತಾರೆ, ಹಬ್ಬಕ್ಕೆ ಸೀರೆ ಕೊಡುತ್ತಾರೆ ಅಂತ. ದುಡ್ಡು ಇಟ್ಟು ಬರಬಹುದು ಅಂತಲ್ಲ.

ಇದು ಗಟ್ಟಿಯಾಗಿ ಗೊತ್ತಾಗುವುದು ಹಕ್ಕು ಬಿಟ್ಟ ಪತ್ರ ಬರೆಯುವಾಗ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರ ಸರಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನೇ ತಿದ್ದಿತು, ಮಗಳೂ ಮಗನಷ್ಟೇ ಹಕ್ಕುದಾರಳಾದಳು. ಆಮೇಲೆ ಏನಾಯಿತು ಅಂದರೆ ಅಕ್ಕತಂಗಿಯರ ಸಹಿಗೆ ಬೆಲೆ ಬಂತು. ಅಣ್ಣತಮ್ಮಂದಿರು ಕಾರು ಮಾಡಿಕೊಂಡು ಅವರ ಗಂಡನ ಮನೆಗೆ ಹೋಗಿ ಕರೆತರುತ್ತಾರೆ. ದಾರಿಯಲ್ಲಿ ಊಟ ಮಾಡಿಸುತ್ತಾರೆ.

ಹೀಗೇ ಒಬ್ಬಾಕೆ ಬಂದರು. ರಾಣೆಬೆನ್ನೂರು ಕಡೆ ಕೊಟ್ಟ ಹೆಣ್ಣುಮಗಳು. ಅಣ್ಣ ಪಕ್ಕದಲ್ಲಿ. ನಾನು ವಾಡಿಕೆಯಂತೆ ಬರೆದು ಇಟ್ಟಿದ್ದೆ: ‘ಯಾರ ಒತ್ತಾಯವೂ ಇಲ್ಲದೆ, ಸ್ವಬುದ್ಧಿಯಿಂದ, ಸ್ವಸಂತೋಷದಿಂದ ಬರೆದುಕೊಟ್ಟ...’

‘ಅಣ್ಣನ ಮ್ಯಾಲ ವಿಶ್ವಾಸ ಐತ್ರೀ, ಎಲ್ಲಿ ಸಹಿ ಮಾಡ್ಲಿ?’ ಅಂದರು ಆಕೆ. ಪೆನ್ನು ತೆಗೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, ‘ಒಮ್ಮೆ ಓದ್ರಿ ಅಕ್ಕಾರ’ ಅಂದರು.

ಅಣ್ಣ ಮೊಬೈಲು ತೆಗೆದು ನೋಡತೊಡಗಿದ. ನಾನು ಓದಿದೆ. ಸ್ವಸಂತೋಷದಿಂದ ಅನ್ನುವ ಕಡೆ ಆಕೆ ಕೈ ಎತ್ತಿದರು. ‘ಸಂತೋಷ ತಗೀರಿ. ಒಪ್ಪಿಗಿ ಅಂತ ಬರೀರಿ.’

‘ಎರಡೂ ಒಂದ ಅಲ್ಲೇನವಾ?’ ಅಂದ ಅಣ್ಣ, ತಲೆ ಎತ್ತದೆ.

‘ಒಂದ ಇದ್ರ ನಂದ ಬರೀಲಿ ಬಿಡು’ ಅಂದರು ತಂಗಿ.

ತಿದ್ದಿದೆ. ಇಬ್ಬರೂ ಮತ್ತೆ ಅದೇ ಕಾರಿನಲ್ಲಿ ಹೋದರು. ಆಕೆಗೆ ಅಣ್ಣನ ಮೇಲೆ ವಿಶ್ವಾಸ ಇತ್ತು, ಸುಳ್ಳು ಹೇಳಲಿಲ್ಲ. ನಂಬಿಕೆಯ ವಿಷಯ ಆಕೆ ಎತ್ತಲೇ ಇಲ್ಲ.

ಪತ್ತು ಅಂತ ಇನ್ನೊಂದು ಶಬ್ದ ಇದೆ, ಅದನ್ನು ಬಿಟ್ಟರೆ ನನ್ನ ಗಂಡನ ಮನೆಯವರು ಸುಮ್ಮನಿರುವುದಿಲ್ಲ. ಅವರು ಗದಗ ಕಡೆಯವರು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಶುರು ಮಾಡಿದರು. ದೇಶದಲ್ಲೇ ಮೊದಲನೆಯದು ಅನ್ನುವ ಹೆಸರು ಅದಕ್ಕಿದೆ. ಪತ್ತು ಅಂದರೆ ಸಾಲ ಹುಟ್ಟುವ ಯೋಗ್ಯತೆ. ‘ಅವಂಗ ಊರಾಗ ಪತ್ತಿಲ್ಲ’ ಅಂದರೆ ಉದ್ರಿ ಚಹಾನೂ ಹುಟ್ಟುವುದಿಲ್ಲ ಅಂತ. ಇದರ ಹಿಂದಿನ ವರ್ಷ, 1904ರಲ್ಲಿ, ಬಂದ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಅಮಿತ ಹೊಣೆ ಇತ್ತು. ಒಬ್ಬ ಸಾಲ ಮುಳುಗಿಸಿದರೆ ಉಳಿದವರು ತಮ್ಮ ಆಸ್ತಿಯಿಂದ ಕಟ್ಟಿಕೊಡಬೇಕು. ಅಂದಮೇಲೆ ಸದಸ್ಯನಾಗಿ ಸೇರಿದವನು ಪಕ್ಕದವನ ಹೊಲದ ಬದುವಿನ ಮೇಲೆ ನಿಂತು ಬೆಳೆ ನೋಡದೆ ಇರುತ್ತಾನಾ? ಆ ಸಾಲದ ದುಡ್ಡಿನಲ್ಲಿ ಎತ್ತು ತಂದನೋ, ಮಗಳ ಮದುವೆ ಮಾಡಿದನೋ ಅಂತ ಲೆಕ್ಕ ಹಾಕದೆ ಇರುತ್ತಾನಾ? ಸಹಕಾರಿ ಅಂದ ಕೂಡಲೇ ಒಬ್ಬರಿಗೊಬ್ಬರು ಕೈ ಹಿಡಿದ ಚಿತ್ರ ಹಾಕುತ್ತಾರಲ್ಲ, ಆ ಚಿತ್ರದಲ್ಲಿ ಕಣ್ಣೂ ಇರಬೇಕಿತ್ತು. ನನ್ನ ಮಾವನವರು ಇದನ್ನು ಒಪ್ಪುವುದಿಲ್ಲ. ‘ಅದು ಸಂಶೆ ಅಲ್ಲವಾ, ಕಾಳಜಿ’ ಅನ್ನುತ್ತಾರೆ. ನೋಡಿ, ಇನ್ನೊಂದು ಹೆಸರು ಸಿಕ್ಕಿತು.

ಹೊಲವೋ ಸೈಟೋ ಖರೀದಿಗೆ ಹೊರಟವರು ಇದನ್ನು ಓದುತ್ತಿದ್ದರೆ, ಹೊಸ ಉತಾರ ತೆಗೆಸಿ, ಜೆರಾಕ್ಸ್ ನಂಬಬೇಡಿ. ಋಣಭಾರ ಪತ್ರ 30 ವರ್ಷದ್ದು ಕೇಳಿ. ಸರ್ವೆ ನಂಬರಿನಲ್ಲಿ ಅರ್ಧ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕೇ ಬೇಕು. ವಾರಸುದಾರರಲ್ಲಿ ಹೆಣ್ಣುಮಕ್ಕಳು ಎಷ್ಟು ಜನ, ಎಲ್ಲಿದ್ದಾರೆ, ಕೇಳಿ. ಸಂಬಂಧದವರ ಹತ್ತಿರ ಕೊಳ್ಳುವುದಾದರೆ ಇದನ್ನೆಲ್ಲ ಜಾಸ್ತಿ ಕೇಳಿ. ಅವರಿಗೆ ಬೇಜಾರಾದರೆ ನೀವು ಮಾತಾಡಬೇಡಿ. ‘ಹಾವೇರಿ ಬಾಂಡ್ ರೈಟರ್ ಅಕ್ಕಾರು ಕೇಳ್ಯಾರ’ ಅನ್ನಿ. ನನಗೇನೂ ಅಭ್ಯಂತರವಿಲ್ಲ, ನಾನು ತಗೊಳ್ಳುವ ಫೀಯಲ್ಲಿ ಅದೂ ಸೇರಿದೆ.